ಚೇಂಬರ್ಲೇನ್ 100 ಪಾಯಿಂಟ್ ವಿಡಿಯೋ: ಒಂದು ಸ್ಪಷ್ಟನೆ

ಕಾಸರಗೋಡಿನ ಹಳೆಯ ಬಾಸ್ಕೆಟ್‌ಬಾಲ್ ಪ್ರೇಮಿಗಳ ಮೊಬೈಲಿನಲ್ಲಿ ಒಂದು ವಿಡಿಯೋ ಓಡಾಡುತ್ತಿದೆ. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಹೊಡೆದ ದೃಶ್ಯ ಅಂತ ಕೆಳಗೆ ಬರೆದಿದ್ದಾರೆ. ಅದು ಆ ಪಂದ್ಯದ್ದಲ್ಲ. 1962ರ ಮಾರ್ಚ್ 2ರಂದು ಅಮೆರಿಕದ ಹರ್ಷಿಯಲ್ಲಿ ನಡೆದ ಆ ಆಟ ಟಿವಿಯಲ್ಲಿ ಬರಲೇ ಇಲ್ಲ. ಅದರ ಫಿಲ್ಮ್ ಈವರೆಗೆ ಸಿಕ್ಕಿಲ್ಲ. ಉಳಿದಿರುವುದು ರೇಡಿಯೋ ಕಾಮೆಂಟ್ರಿಯ ತುಣುಕು, ಕೆಲವು ಫೋಟೋ. ‘100’ ಎಂದು ಬರೆದ ಕಾಗದ ಹಿಡಿದು ಅವರು ಕೂತಿರುವ ಫೋಟೋ ಅಸಲಿಯೇ.

ದಾಖಲೆಯಂತೂ ಅಪ್ಪಟ ನಿಜ. ಫ್ರೀ ಥ್ರೋ (ಎದುರಾಳಿ ಫೌಲ್ ಮಾಡಿದಾಗ ಯಾರೂ ಅಡ್ಡ ಬರದೆ ಬುಟ್ಟಿಗೆ ಎಸೆಯುವ ಅವಕಾಶ) ಅಂದರೆ ಚೇಂಬರ್ಲೇನ್‌ಗೆ ಯಾವಾಗಲೂ ಕಷ್ಟ. ಆ ರಾತ್ರಿ ಮಾತ್ರ ಎರಡೂ ಕೈಯಲ್ಲಿ ಚೆಂಡು ಹಿಡಿದು, ಮೊಣಕಾಲಿನ ಹತ್ತಿರದಿಂದ ಮೇಲಕ್ಕೆ ಎಸೆದು 32ರಲ್ಲಿ 28 ಹಾಕಿದರು. ಎಂಥಾ ಆಟ ಅಲ್ವಾ! ವಿಡಿಯೋ ಕಳಿಸುವವರು ದಯವಿಟ್ಟು ಕೆಳಗಿನ ಆ ಸಾಲು ತೆಗೆದು ಕಳಿಸಿ.