ಪಿಂಚಣಿಯ ಭಾರ ಒಬ್ಬರ ಹೆಗಲಿಗೇ ಯಾಕೆ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯಕ್ಕೆ ಬಂದು ನೆಲೆಸಿದ ಮೇಲೆ, ನಮ್ಮ ಸರ್ಕಾರಿ ನೌಕರರ ಒಪಿಎಸ್ (ಹಳೆಯ ಪಿಂಚಣಿ ಯೋಜನೆ), ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಜಗಳವನ್ನು ನಾನು ನೋಡುವ ರೀತಿ ಬದಲಾಗಿದೆ. ನಮ್ಮಲ್ಲಿ ಇರುವುದು ಎರಡೇ ದಾರಿ ಅನ್ನುವ ಹಾಗೆ ಮಾತಾಡುತ್ತಾರೆ. ಒಪಿಎಸ್‌ನಲ್ಲಿ ಪೂರ್ತಿ ಭಾರ ಖಜಾನೆಗೆ, ಎನ್‌ಪಿಎಸ್‌ನಲ್ಲಿ ಮಾರುಕಟ್ಟೆಯ ಏರಿಳಿತದ ಪೂರ್ತಿ ಭಾರ ನೌಕರನಿಗೆ.

ಚನ್ನರಾಯಪಟ್ಟಣದ ಹತ್ತಿರ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವ ನನ್ನ ಅಕ್ಕ ಕೆಲಸಕ್ಕೆ ಸೇರಿದ್ದು 2006ರ ಏಪ್ರಿಲ್ 1ರ ನಂತರ. ಹಾಗಾಗಿ ಎನ್‌ಪಿಎಸ್. ಮೂಲ ವೇತನ, ತುಟ್ಟಿಭತ್ಯೆ ಸೇರಿಸಿ ಅದರಲ್ಲಿ ಶೇ 10 ಅವಳು ಕಟ್ಟುತ್ತಾಳೆ, ಶೇ 14 ಸರ್ಕಾರ ಹಾಕುತ್ತದೆ. ನಿವೃತ್ತಿಯಾದ ಮೇಲೆ ತಿಂಗಳಿಗೆ ಎಷ್ಟು ಬರುತ್ತದೆ ಅಂತ ಈಗ ಯಾರೂ ಹೇಳಲಾರರು. ಅದೇ ಸ್ಟಾಫ್ ರೂಮಿನಲ್ಲಿ, ಆ ತಾರೀಖಿಗಿಂತ ಮುಂಚೆ ಸೇರಿದ ಮೇಷ್ಟ್ರಿಗೆ ಕೊನೆಯ ಮೂಲ ವೇತನದ ಅರ್ಧ, ಮೇಲೆ ತುಟ್ಟಿಭತ್ಯೆ. ‘ನಾನೇನು ಕಮ್ಮಿ ಪಾಠ ಮಾಡ್ತೀನಾ?’ ಅಂತ ಅಕ್ಕ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಇಲ್ಲಿ ವಿಸ್ಕಾನ್ಸಿನ್‌ನಲ್ಲಿ ರಾಜ್ಯ ಸರ್ಕಾರ, ಶಾಲೆ, ಕೌಂಟಿಗಳ (ನಮ್ಮ ಜಿಲ್ಲೆಯ ಹಾಗೆ) ಬಹುತೇಕ ನೌಕರರ ದುಡ್ಡು ಒಂದೇ ನಿಧಿಗೆ ಹೋಗುತ್ತದೆ. ನೌಕರ ಸಂಬಳದ ಸುಮಾರು ಶೇ 7 ಕಟ್ಟಿದರೆ ಕೆಲಸ ಕೊಟ್ಟವರೂ ಅಷ್ಟೇ ಕಟ್ಟಬೇಕು. ನಿವೃತ್ತಿಯಾಗುವಾಗ ಎರಡು ಲೆಕ್ಕ ಹಾಕುತ್ತಾರೆ. ಒಂದು ಸೇವೆ, ಸಂಬಳ ನೋಡಿ. ಇನ್ನೊಂದು ಖಾತೆಯಲ್ಲಿ ಕೂಡಿದ ಹಣ ನೋಡಿ. ಯಾವುದು ಜಾಸ್ತಿಯೋ ಅದೇ ಪಿಂಚಣಿ. ನಿಧಿ ಚೆನ್ನಾಗಿ ಗಳಿಸಿದರೆ ಪಿಂಚಣಿ ಏರುತ್ತದೆ. ನಷ್ಟವಾದರೆ ಹಾಗೆ ಏರಿದ್ದಷ್ಟು ಮಾತ್ರ ಇಳಿಯಬಹುದು. ಮೊದಲು ಗೊತ್ತು ಮಾಡಿದ ಮೊತ್ತಕ್ಕೆ ಕೈ ಹಾಕುವಂತಿಲ್ಲ.

2008ರಲ್ಲಿ ಈ ನಿಧಿಯ ಕಾಲು ಭಾಗ ಕರಗಿತು. 2009ರಿಂದ 2013ರವರೆಗೆ ಸತತ ಐದು ವರ್ಷ ಪಿಂಚಣಿ ಇಳಿಯಿತು. ನಮ್ಮ ಬೀದಿಯಲ್ಲಿ ಕೌಂಟಿಯ ಹಿಮ ತೆಗೆಯುವ ಲಾರಿ ಓಡಿಸಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಆ ವರ್ಷಗಳ ಪತ್ರಗಳನ್ನು ಇನ್ನೂ ಇಟ್ಟುಕೊಂಡಿದ್ದಾರೆ, ಒಂದಕ್ಕಿಂತ ಒಂದರಲ್ಲಿ ಮೊತ್ತ ಕಮ್ಮಿ. ಸಿಟ್ಟು ಬಂದಿತ್ತಂತೆ. ಆದರೆ ಎಲ್ಲಿಯವರೆಗೆ ಇಳಿಯಬಹುದು ಅಂತ ಗೊತ್ತಿದ್ದರಿಂದ ಮನೆ ಮಾರುವ ಯೋಚನೆ ಮಾಡಲಿಲ್ಲ ಅಂದರು.

ಪಕ್ಕದ ಇಲಿನಾಯ್‌ ಕಥೆ ಬೇರೆ. ಪಿಂಚಣಿ ಕಡಿತ ಮಾಡಬಾರದು ಅಂತ 1970ರ ರಾಜ್ಯ ಸಂವಿಧಾನದಲ್ಲೇ ಇದೆ. ಆದರೆ ಸರ್ಕಾರಗಳು ಕಟ್ಟಬೇಕಾದಷ್ಟು ಕಟ್ಟಲಿಲ್ಲ. ಈಗ ಕೊರತೆ 14,000 ಕೋಟಿ ಡಾಲರಿಗೂ ಮೇಲೆ. ಕಡಿತಕ್ಕೆಂದು 2013ರಲ್ಲಿ ತಂದ ಕಾನೂನನ್ನು 2015ರಲ್ಲಿ ಕೋರ್ಟು ರದ್ದು ಮಾಡಿತು. ಒಪಿಎಸ್ ಹಾಗೇ ವಾಪಸ್ ಬರಲಿ ಅನ್ನುವವರು ಇದನ್ನು ನೋಡಬೇಕು.

ವಿಸ್ಕಾನ್ಸಿನ್ ಪದ್ಧತಿಯನ್ನು ಹಾಗೇ ಎತ್ತಿಕೊಂಡು ಹೋಗಲು ಆಗುವುದಿಲ್ಲ, ನಿಜ. ಇಲ್ಲಿನ ಬಹುತೇಕ ನೌಕರರಿಗೆ ಸೋಶಿಯಲ್ ಸೆಕ್ಯೂರಿಟಿ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಪಿಂಚಣಿ, ಬೇರೆ ಇದೆ. ನೌಕರರೇ ಅರ್ಧ ಕಟ್ಟಬೇಕು ಅಂತ 2011ರಲ್ಲಿ ಕಾನೂನು ತಂದಾಗ ರಾಜಧಾನಿ ಮ್ಯಾಡಿಸನ್‌ನಲ್ಲಿ ಸಾವಿರಾರು ಜನ ಬೀದಿಗಿಳಿದಿದ್ದರು. ಆದರೂ ಎರಡು ವಿಷಯ ನಮಗೂ ಬೇಕು. ಅಕ್ಕನಂಥವರ ಪಿಂಚಣಿ ಇಷ್ಟಕ್ಕಿಂತ ಕೆಳಗೆ ಹೋಗದು ಎಂಬ ಖಾತ್ರಿ ಒಂದು. ಅದಕ್ಕೆ ಬೇಕಾದ ಹಣವನ್ನು ಸರ್ಕಾರ ಆಯಾ ವರ್ಷವೇ ನಿಧಿಗೆ ಹಾಕಬೇಕು ಎಂಬ ಕಾನೂನು ಇನ್ನೊಂದು. ಕೇಂದ್ರದ ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ) 2025ರ ಏಪ್ರಿಲ್‌ನಿಂದ 25 ವರ್ಷ ಸೇವೆ ಮಾಡಿದವರಿಗೆ ಅರ್ಧ ಮೂಲ ವೇತನದ ಖಾತ್ರಿ ಕೊಡುತ್ತಿದೆ. ನೌಕರರ ಸಂಘದವರು ವಿಧಾನಸೌಧಕ್ಕೆ ಮಾತುಕತೆಗೆ ಹೋದಾಗ ಖಾತ್ರಿಯ ಜೊತೆಗೆ ಆ ಕಾನೂನನ್ನೂ ಪಟ್ಟು ಹಿಡಿದು ಕೇಳಲಿ.