ಹಲ್ಲುಜ್ಜಲು ಒಲ್ಲೆನೆನ್ನುವುದು ಹಟವಲ್ಲ

ಆಟಿಸಂ ಇರುವ ಮಕ್ಕಳ ಹಲ್ಲು ಕೆಡಲು ಪೋಷಕರ ಶಿಸ್ತಿನ ಕೊರತೆಯೇ ಮುಖ್ಯ ಕಾರಣವೆಂದು ಪತ್ರಿಕಾ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಅಂಥ ಒಂಬತ್ತು ವರ್ಷದ ಮಗನ ತಾಯಿಯಾಗಿ ನಾನು ಇದನ್ನು ಒಪ್ಪಲಾರೆ. ಬ್ರಷ್‌ನ ಎಳೆಗಳ ಸ್ಪರ್ಶ, ಪುದೀನಾ ಪೇಸ್ಟಿನ ಖಾರ, ಬಾಯಿತುಂಬ ಏಳುವ ನೊರೆ, ಇವೆಲ್ಲ ನಮ್ಮ ಗಮನಕ್ಕೂ ಬಾರದ ಸಂಗತಿಗಳಾದರೂ ಇಂದ್ರಿಯಗಳು ಅತಿಸೂಕ್ಷ್ಮವಾಗಿರುವ ಮಗುವಿಗೆ ನಿಜವಾದ ಹಿಂಸೆಯನ್ನೇ ಕೊಡಬಲ್ಲವು. ನೊರೆ ಕಡಿಮೆಯಿರುವ, ಸಪ್ಪೆ ರುಚಿಯ ಫ್ಲೋರೈಡ್ ಪೇಸ್ಟನ್ನು ಬಟಾಣಿ ಕಾಳಿನಷ್ಟು ಹಚ್ಚಿ, ಉಜ್ಜುವ ಹಂತಗಳ ಚಿತ್ರಗಳನ್ನು ಬಚ್ಚಲಿನ ಗೋಡೆಗೆ ಅಂಟಿಸಿ, ಹತ್ತರವರೆಗೆ ಎಣಿಸಿ ನಿಲ್ಲಿಸುವ ಕ್ರಮವನ್ನು ರೂಢಿಸಲು ನಮಗೆ ಎಂಟು ತಿಂಗಳು ಹಿಡಿಯಿತು.

ಮೊದಲ ಸಲ ಹೋದ ದಂತ ಚಿಕಿತ್ಸಾಲಯದಲ್ಲಿ ಮೂವರು ಸೇರಿ ಅವನ ಕೈಕಾಲು ಅದುಮಿ ಹಿಡಿದರು. ಆಮೇಲೆ ಎರಡು ವರ್ಷ ಅವನು ಆ ಬೀದಿಗೇ ಬರಲೊಲ್ಲ. ಅನಂತರ ಸಿಕ್ಕ ಮಕ್ಕಳ ದಂತವೈದ್ಯೆಯೊಬ್ಬರು ಮೊದಲು ಹೇಳಿ, ಬಳಿಕ ತೋರಿಸಿ, ಕೊನೆಗೆ ಮಾಡುವ ಪದ್ಧತಿಯನ್ನು ಅನುಸರಿಸಿದರು. ಮೊದಲ ಎರಡು ಭೇಟಿಗಳಲ್ಲಿ ಅವನು ಕುರ್ಚಿಯಲ್ಲಿ ಕುಳಿತೆದ್ದದ್ದನ್ನೇ ಅವರು ದೊಡ್ಡ ಗೆಲುವೆಂದು ಪರಿಗಣಿಸಿದರು, ಆ ತಾಳ್ಮೆಯ ಋಣ ನಮ್ಮ ಮೇಲಿದೆ.

ಇನ್ನೊಂದು ಮಾತು. ಮಾತು ಬಾರದ ಮಗು ಊಟ ಬಿಟ್ಟು ಕೆನ್ನೆಗೆ ಬಡಿದುಕೊಳ್ಳತೊಡಗಿದರೆ ಅದನ್ನು ಆಟಿಸಂನ ವರ್ತನೆಯೆಂದು ತಳ್ಳಿಹಾಕದೆ ಬಾಯಿ ತೆರೆಸಿ ನೋಡಬೇಕು. ನಮ್ಮ ಮಗನ ದವಡೆ ಹಲ್ಲಿನ ಹುಳುಕು ತಿಳಿದದ್ದು ಹಾಗೆಯೇ. ಖರ್ಚಿನ ಚಿಂತೆಯಿರುವವರು ಅಂಗವಿಕಲರಿಗಾಗಿ ಇರುವ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು. ಆಟಿಸಂ ಅದರ ವ್ಯಾಪ್ತಿಯಲ್ಲಿದೆ, ಹಲ್ಲಿನ ಆರೈಕೆಗೆ ಎಷ್ಟು ಸಿಗುತ್ತದೆಂಬುದನ್ನು ನೋಂದಣಿಯ ಸಮಯದಲ್ಲೇ ಕೇಳಿ ತಿಳಿದುಕೊಳ್ಳಿ.