ರೋಸ್‌ಮೇರಿಗೆ ಕೊಡೆ ಹಿಡಿಯುವವರಿಲ್ಲ

ಜೂನ್ 5 ಬಂತೆಂದರೆ ನಮ್ಮ ಕರಾವಳಿಯಲ್ಲಿ ಎರಡು ಸಂಗತಿಗಳು ಒಟ್ಟೊಟ್ಟಿಗೆ ನಡೆಯುತ್ತವೆ. ಕೇರಳ ದಾಟಿದ ಮುಂಗಾರು ಬಂದು ಇಲ್ಲಿನ ಮಾಡು ತಟ್ಟುತ್ತದೆ. ಅದೇ ಹೊತ್ತಿಗೆ ವಿಶ್ವ ಪರಿಸರ ದಿನದ ಮುಖ್ಯ ಅತಿಥಿಗಳು ಗಿಡಕ್ಕೆ ನೀರೆರೆಯುತ್ತಾರೆ. ಒಬ್ಬರ ಕೈಯಲ್ಲಿ ನೀರಿನ ಕ್ಯಾನು, ಇನ್ನೊಬ್ಬರು ಅವರ ತಲೆಗೆ ಕೊಡೆ ಹಿಡಿಯುತ್ತಾರೆ, ಮೂರನೆಯವರು ಫೋಟೊ ತೆಗೆಯುತ್ತಾರೆ. ಗಿಡ ನೆನೆಯುತ್ತಾ ನಿಂತಿರುತ್ತದೆ. ಆ ಕೊಡೆ ನಿಜಕ್ಕೂ ಬೇಕಿದ್ದದ್ದು ಅದಕ್ಕೆ.

ಮೊದಲೆಲ್ಲ ಇಂಥ ಸಭೆಗಳಲ್ಲಿ ಹೊನ್ನೆ, ಹಲಸಿನ ಸಸಿ ಹಂಚುತ್ತಿದ್ದರು. ಫ್ಲ್ಯಾಟಿನಲ್ಲಿ ಹಲಸು ಎಲ್ಲಿ ನೆಡುವುದು ಎಂಬ ಪ್ರಶ್ನೆ ಎದ್ದ ಮೇಲೆ ಬಂದದ್ದು ‘ಕಿಚನ್ ಹರ್ಬ್ ಕಿಟ್’. ಅಂಗೈ ಅಗಲದ ಐದು ಪ್ಲಾಸ್ಟಿಕ್ ಕುಂಡ, ಪ್ರತಿಯೊಂದಕ್ಕೂ ಒಂದು ತಟ್ಟೆ, ಬಿಸ್ಕತ್ತಿನಂತೆ ಒತ್ತಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಐದು ಬೀಜದ ಪೊಟ್ಟಣ: ರೋಸ್‌ಮೇರಿ, ಥೈಮ್, ಒರೆಗಾನೊ, ಬೇಸಿಲ್, ಕೊತ್ತಂಬರಿ. ಜೊತೆಗೊಂದು ಸೂಚನಾ ಪತ್ರ. ‘ದಿನಕ್ಕೆ ಆರರಿಂದ ಎಂಟು ತಾಸು ನೇರ ಬಿಸಿಲು ಕೊಡಿ’ ಎಂದು ಅದರಲ್ಲಿದೆ. ಜಡಿಮಳೆಯ ಆಟಿ ತಿಂಗಳಲ್ಲಿ ಆ ಬಿಸಿಲನ್ನು ಯಾವ ಅಂಗಡಿಯಿಂದ ತರಬೇಕೆಂದು ಬರೆದಿಲ್ಲ.

ರೋಸ್‌ಮೇರಿಯ ಪಾಡು ಎಲ್ಲಕ್ಕಿಂತ ಕಷ್ಟದ್ದು. ಅದು ಮೆಡಿಟರೇನಿಯನ್ ಕರಾವಳಿಯ ಪೊದೆ. ಅಲ್ಲಿ ಬೇಸಿಗೆ ಒಣ, ಮಳೆ ಬರುವುದು ಚಳಿಗಾಲದಲ್ಲಿ. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಬಿದ್ದು ಮುಗಿಯುತ್ತದೆ. ಉಡುಪಿ ಈ ವಿಷಯದಲ್ಲಿ ಇನ್ನೂ ಉದಾರಿ. ಕೊಕೊಪೀಟ್ ಬೇರೆ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿ ಹಿಡಿದಿಡುತ್ತದೆ. ಬೇರಿಗೆ ಗಾಳಿ ಸಿಗದೆ ಕಂದಾಗಿ ಕೊಳೆಯುತ್ತದೆ. ಕೊಳೆತ ಬೇರು ನೀರೆತ್ತುವುದಿಲ್ಲ, ಹಾಗಾಗಿ ಎಲೆಯ ತುದಿ ಒಣಗುತ್ತದೆ. ಒಣಗಿದ ತುದಿ ಕಂಡ ಯಜಮಾನರು ‘ಪಾಪ, ಬಾಯಾರಿಕೆ’ ಎಂದು ಇನ್ನೊಂದು ಲೋಟ ನೀರು ಸುರಿಯುತ್ತಾರೆ. ಮುಳುಗಿ ಸತ್ತವನ ಬಾಯಿಗೆ ಗಂಗಾಜಲ ಬಿಟ್ಟ ಹಾಗೆ.

ರೋಸ್‌ಮೇರಿ ಬೇಕೇ ಬೇಕೆಂದಿದ್ದರೆ ಬೀಜ ಮರೆತುಬಿಡಿ, ಅದು ಮೊಳೆಯುವುದೂ ನಿಧಾನ, ಮೊಳೆತರೂ ನಾಲ್ಕರಲ್ಲಿ ಒಂದು. ಮಳೆ ನಿಂತ ಮೇಲೆ ಸಸಿ ತನ್ನಿ. ಹತ್ತು ಇಂಚಿನ ಮಣ್ಣಿನ ಕುಂಡ, ಅರ್ಧ ಭಾಗ ದಪ್ಪ ಮರಳು, ಕಾಲು ಭಾಗ ಕೆಂಪು ಮಣ್ಣು, ಕಾಲು ಭಾಗ ಹಳೆಯ ಹಟ್ಟಿಗೊಬ್ಬರ. ನಮ್ಮ ಮುರಕಲ್ಲಿನ ಮಣ್ಣು ಹುಳಿ ಗುಣದ್ದು, ಈ ಗಿಡಕ್ಕೆ ಅದಾಗದು. ಒಂದು ಚಮಚ ಚಿಪ್ಪುಸುಣ್ಣ ಬೆರೆಸಿ ಹದಿನೈದು ದಿನ ಬಿಟ್ಟು ನೆಡಿ. ಬೆರಳು ಎರಡು ಗೆಣ್ಣು ಒಳಗೆ ಹೋದರೂ ಮಣ್ಣು ಒಣಗಿದ್ದರೆ ಮಾತ್ರ ನೀರು. ಇಷ್ಟೆಲ್ಲ ಮಾಡಿಯೂ ಮುಂದಿನ ಜೂನ್‌ಗೆ ಅದು ಸಜ್ಜದಡಿಗೆ ಬರಲೇಬೇಕು. ಥೈಮ್‌ನದ್ದೂ ಇದೇ ಜಾತಕ.

ಒರೆಗಾನೊ ಕತೆ ಮಾತ್ರ ಸ್ವಾರಸ್ಯದ್ದು. ಅದರ ಘಾಟಿಗೆ ಕಾರಣ ಕಾರ್ವಕ್ರಾಲ್ ಮತ್ತು ಥೈಮಾಲ್ ಎಂಬ ಎಣ್ಣೆಯಂಶಗಳು. ನಮ್ಮ ಹಿತ್ತಿಲಿನ ಸಾಂಬ್ರಾಣಿ ಸೊಪ್ಪಿನಲ್ಲೂ, ಅಂದರೆ ಘಟ್ಟದ ಮೇಲಿನವರ ದೊಡ್ಡಪತ್ರೆಯಲ್ಲೂ, ಇರುವುದು ಅವೇ. ಪರದೇಶದವರು ಇದನ್ನು ‘ಕ್ಯೂಬನ್ ಒರೆಗಾನೊ’ ಎಂದು ಕರೆದು ಅಡುಗೆಗೆ ಹಾಕುತ್ತಾರೆ. ಹಿತ್ತಿಲಿನಲ್ಲಿ ಹಬ್ಬಿದ ಸಾಂಬ್ರಾಣಿಯನ್ನು ಇಂಟರ್‌ಲಾಕ್ ಹಾಸಲು ಕಿತ್ತೆಸೆದವರೇ ಈಗ ಒರೆಗಾನೊ ಪೊಟ್ಟಣ ಹರಿದು ಕಾಯುತ್ತಿದ್ದಾರೆ. ಸಾಂಬ್ರಾಣಿಗೆ ಬೀಜವೂ ಬೇಡ, ಪೊಟ್ಟಣವೂ ಬೇಡ. ನಾಲ್ಕು ಇಂಚಿನ ತುಂಡು ಮುರಿದು, ಕೆಳಗಿನ ಎಲೆ ತೆಗೆದು, ಒಂದು ದಿನ ನೆರಳಲ್ಲಿ ಗಾಯ ಒಣಗಿಸಿ ಊರಿದರೆ ಎರಡು ಮೂರು ವಾರದಲ್ಲಿ ಬೇರು. ಎಲೆಯಲ್ಲೇ ನೀರು ತುಂಬಿಕೊಂಡ ಗಿಡವಾದ್ದರಿಂದ ಜಡಿಮಳೆಗೆ ಇದೂ ಕೊಳೆಯುತ್ತದೆ, ಸೂರಿನ ಹನಿ ಬೀಳದ ಕಡೆ ಇಟ್ಟರಾಯಿತು. ತಂಬುಳಿಗೆ ಎಂಟು ಹತ್ತು ಎಲೆ ಸಾಕು.

ಬೇಸಿಲ್‌ನದ್ದೂ ಇಂಥದ್ದೇ ವ್ಯವಹಾರ. ಇಟಲಿಯ ಬೇಸಿಲ್ ಅಂದರೆ ನಮ್ಮ ಕಾಮಕಸ್ತೂರಿಯ ಜಾತಿಯೇ, ತಳಿ ಬೇರೆ, ಎಲೆ ಸ್ವಲ್ಪ ದೊಡ್ಡದು, ಪರಿಮಳ ತುಸು ಬೇರೆ. ಶರಬತ್ತಿನಲ್ಲಿ, ಫಲೂದಾದಲ್ಲಿ ಲೋಳೆ ಕಟ್ಟಿ ತೇಲುವ ಕಪ್ಪು ಬೀಜವನ್ನು ಚಮಚಗಟ್ಟಲೆ ನುಂಗುತ್ತಲೇ ನಾವು ಐವತ್ತು ಬೀಜದ ಪೊಟ್ಟಣಕ್ಕೆ ಆರ್ಡರ್ ಹಾಕುತ್ತೇವೆ. ಯಾವುದಾದರೂ ಸರಿ, ಬೀಜ ಹೂಳಬೇಡಿ. ಒದ್ದೆ ಮಣ್ಣಿನ ಮೇಲೆ ಉದುರಿಸಿ, ಕಾಣದಷ್ಟು ಮಾತ್ರ ಮಣ್ಣು ಹಾರಿಸಿದರೆ ಒಂದು ವಾರದಲ್ಲಿ ಮೊಳಕೆ. ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಬೇಕು, ಹೂಗೊಂಚಲು ತಲೆ ಎತ್ತಿದಾಗೆಲ್ಲ ಮುರಿಯಬೇಕು. ಕನಿಕರಪಟ್ಟು ಹೂವು ಬಿಟ್ಟಿರೋ, ಎಲೆ ಕಿರಿದಾಗಿ ಕಹಿಯಾಗುತ್ತದೆ.

ಇನ್ನು ಕೊತ್ತಂಬರಿ. ಸಭೆಯಲ್ಲಿ ಇದರ ಸಸಿಯನ್ನು ಟ್ರೇಯಿಂದ ಕಿತ್ತು ಕುಂಡಕ್ಕೆ ನೆಡುವ ಒಂದು ವಿಧಿಯುಂಟು, ಚಪ್ಪಾಳೆಯೂ ಜೋರು. ಕೊತ್ತಂಬರಿಗೆ ಇರುವುದು ಒಂದು ತಾಯಿಬೇರು. ಅದು ತುಂಡಾದರೆ ಗಿಡ ಚೇತರಿಸುವುದಿಲ್ಲ, ಉಳಿದರೂ ಸಿಟ್ಟಿಗೆದ್ದು ಬೇಗ ಹೂ ಬಿಡುತ್ತದೆ. ಬಿತ್ತಿದಲ್ಲೇ ಬೆಳೆಯಬೇಕಾದದ್ದನ್ನು ವೇದಿಕೆ ಹತ್ತಿಸಿದರೆ ಹೀಗೇ. ಇನ್ನು ಪೊಟ್ಟಣದ ಬೀಜ ಬಿತ್ತಿದವರಿಗೆ ಜೂನ್ ಕೊನೆಗೆ ಮೊಳಕೆ ಕಾಣುತ್ತದೆ, ಗ್ರೂಪಿನಲ್ಲಿ ಫೋಟೊ ಬರುತ್ತದೆ, ಐವತ್ತು ಮಂದಿ ಹೆಬ್ಬೆರಳು ಎತ್ತುತ್ತಾರೆ. ನಾಲ್ಕನೇ ದಿನ ಮಣ್ಣು ಮುಟ್ಟುವಲ್ಲಿ ದಂಟು ನೂಲಿನಷ್ಟು ಸಪೂರವಾಗಿ, ಸಾಲುಸಾಲಾಗಿ ಮಗುಚಿ ಬೀಳುತ್ತವೆ. ಒದ್ದೆ ಮಣ್ಣಿನ ಶಿಲೀಂಧ್ರದ ಕೆಲಸ ಅದು. ಆ ಫೋಟೊ ಯಾರೂ ಹಾಕುವುದಿಲ್ಲ.

ಕರಾವಳಿಯ ಕೊತ್ತಂಬರಿಗೆ ಪರಿಸರ ದಿನ ದೀಪಾವಳಿ ಕಳೆದ ಮೇಲೆ. ಅಡುಗೆಮನೆ ಡಬ್ಬಿಯಿಂದ ಹುರಿಯದ, ಹೊಸ ಬೀಜ ಒಂದು ಹಿಡಿ ತೆಗೆದುಕೊಳ್ಳಿ. ಒಂದೊಂದು ಕಾಳಿನಲ್ಲೂ ಎರಡು ಬೀಜ ಇರುತ್ತವೆ, ಮಣೆಯ ಮೇಲೆ ಹರಡಿ ಲಟ್ಟಣಿಗೆಯಿಂದ ಹಗುರವಾಗಿ ಉರುಳಿಸಿ ಇಬ್ಭಾಗ ಮಾಡಿ. ಪುಡಿಯಾದರೆ ಸಾರಿಗೆ ಹಾಕಿ. ರಾತ್ರಿ ನೆನೆಸಿ, ಕನಿಷ್ಠ ಎಂಟು ಇಂಚು ಆಳದ ಕುಂಡದಲ್ಲಿ ಅರ್ಧ ಇಂಚು ಕೆಳಗೆ ಬಿತ್ತಿ. ಹಳ್ಳಿಯ ನೆಂಟರಲ್ಲಿ ಸುಡುಮಣ್ಣು, ಅಂದರೆ ತರಗೆಲೆ ಒಟ್ಟಿ ಸುಟ್ಟ ಮಣ್ಣು, ಸಿಕ್ಕರೆ ಮೂರರಲ್ಲೊಂದು ಪಾಲು ಅದೇ ಇರಲಿ, ಕಳೆಯೂ ಕಡಿಮೆ, ಬುಡ ಕೊಳೆಯುವುದೂ ಕಡಿಮೆ. ಎಂಟು ಹತ್ತು ದಿನಕ್ಕೆ ಮೊಳಕೆ, ನಲವತ್ತು ದಿನಕ್ಕೆ ಕೊಯ್ಲು. ಜನವರಿ ಕೊನೆಯವರೆಗೆ ಹದಿನೈದು ದಿನಕ್ಕೊಂದು ಕುಂಡ ಬಿತ್ತುತ್ತಾ ಹೋಗಿ. ಮಾರ್ಚ್ ಸೆಕೆಗೆ ಎಲೆ ಸಬ್ಬಸಿಗೆಯಂತೆ ಎಳೆಯೆಳೆಯಾಯಿತೋ, ಸೀಸನ್ ಮುಗಿಯಿತು. ಮತ್ತೆ ಘಟ್ಟ ಇಳಿದು ಬರುವ ಲಾರಿಯೇ ಗತಿ, ಅದರಲ್ಲಿ ನಾಚಿಕೆ ಎಂಥದ್ದೂ ಇಲ್ಲ.

ಜುಲೈಯಲ್ಲಿ ಅಂಕ ಎರಡು. ಡೆಂಗಿ ಜಾಗೃತಿ ಅಭಿಯಾನ. ಜೂನ್‌ನಲ್ಲಿ ತಟ್ಟೆಸಹಿತ ಕುಂಡ ಕೊಟ್ಟ ಕೈಗಳೇ ಈಗ ಮನೆಬಾಗಿಲಿಗೆ ಕರಪತ್ರ ತರುತ್ತವೆ: ‘ಕುಂಡದ ತಟ್ಟೆಯಲ್ಲಿ ನೀರು ನಿಲ್ಲದಂತೆ ಎಚ್ಚರ ವಹಿಸಿ.’ ಕರಪತ್ರ ಹೇಳುವುದು ಸರಿ. ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಎಂಟು ಹತ್ತು ದಿನ ಸಾಕು, ಒಂದು ತಟ್ಟೆ ನೀರು ಧಾರಾಳವಾಯಿತು. ನೀರು ಚೆಲ್ಲಿದರೆ ಮುಗಿಯಲಿಲ್ಲ. ಮೊಟ್ಟೆ ತಟ್ಟೆಯ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತದೆ, ಉಜ್ಜಿ ತೊಳೆಯಬೇಕು. ಮಳೆಗಾಲದಲ್ಲಿ ತಟ್ಟೆಯನ್ನೇ ತೆಗೆದಿಟ್ಟು ಕುಂಡವನ್ನು ಮೂರು ಹೆಂಚಿನ ಚೂರಿನ ಮೇಲೆ ಕೂರಿಸುವುದು ಇನ್ನೂ ಸುಲಭ. 1865ರಲ್ಲೇ ಹೆಂಚಿನ ಕಾರ್ಖಾನೆ ಶುರುವಾದ ಮಂಗಳೂರಿನಲ್ಲಿ ಕುಂಡದ ಕಾಲಿಗೆಂದು ರಬ್ಬರ್ ತುಂಡು ತರಿಸುವವರೂ ಇದ್ದಾರೆ, ಇರಲಿ.

ಆಗಸ್ಟ್ ಹೊತ್ತಿಗೆ ಐದು ಕುಂಡಗಳಲ್ಲಿ ನಾಲ್ಕು ಖಾಲಿ. ಕಿಟ್ ಪಡೆದವರ ‘ಹಸಿರು ಯೋಧ’ ಪ್ರಮಾಣಪತ್ರ ಮಾತ್ರ ಲ್ಯಾಮಿನೇಟ್ ಆಗಿ ಗಟ್ಟಿಮುಟ್ಟಾಗಿದೆ. ಇದೇ ಹೊತ್ತಿಗೆ, ಯಾವ ಅತಿಥಿಯೂ ನೀರೆರೆಯದ ಅರಿಶಿನ ಎಲೆ ನಾಗರಪಂಚಮಿಯ ಕಡುಬಿಗೆ ಮೊಳದುದ್ದ ಬೆಳೆದು ಮಾರುಕಟ್ಟೆಯಲ್ಲಿ ಕಟ್ಟುಕಟ್ಟಾಗಿ ಕೂತಿದೆ. ಮೇ ಕೊನೆಗೆ ಒಂದು ಗಡ್ಡೆ ಹೂತಿಟ್ಟರೆ ಅದರ ಕೃಷಿ ಮುಗಿಯಿತು. ಕಿಟ್‌ನಲ್ಲಿ ಅದಿಲ್ಲ, ಇಂಗ್ಲಿಷ್ ಹೆಸರು ಚೆಂದ ಇಲ್ಲವೇನೋ.

ಐದನೇ ಕುಂಡದಲ್ಲಿ ಮಾತ್ರ ಏನೋ ಹಸಿರು. ರೋಸ್‌ಮೇರಿ ಸತ್ತ ಜಾಗದಲ್ಲಿ, ಮೇಲಿಂದ ಹಾಕಿದ ಗದ್ದೆಮಣ್ಣಿನೊಡನೆ ಬಂದ ಬಳ್ಳಿಯ ತುಂಡೊಂದು ಚಿಗುರಿ, ಉರುಟು ಎಲೆ ಬಿಟ್ಟು, ಕುಂಡದ ಅಂಚು ದಾಟಿ ಕೆಳಗಿಳಿಯುತ್ತಿದೆ. ಫ್ಲ್ಯಾಟಿನ ಗ್ರೂಪಿನಲ್ಲಿ ಫೋಟೊ ಬಿದ್ದಿದೆ: ‘ಈ ಕಳೆಗೆ ಯಾವ ಔಷಧಿ ಹೊಡೆಯಬೇಕು?’ ಹನ್ನೊಂದು ಉತ್ತರ, ಮೂರು ಕಳೆನಾಶಕದ ಹೆಸರು.

ಕೆಲಸಕ್ಕೆ ಬಂದ ಹೆಂಗಸು ಪೊರಕೆ ಒರಗಿಸಿ ಬಗ್ಗಿ ನೋಡುತ್ತಾಳೆ.

“ಅಯ್ಯೋ ಕೀಳ್ಬೇಡಿ ಅಕ್ಕ, ತಿಮರೆ ಅದು.”

“ತಿಮರೆ ಅಂದ್ರೆ?”

“ಒಂದೆಲಗ ಅಕ್ಕ. ನಿಮ್ಗೆ ಬೇಡದಿದ್ರೆ ನಂಗೆ ಕೊಡಿ, ಇವತ್ತು ಚಟ್ನಿಗೆ ಎಂತದೂ ಇರ್ಲಿಲ್ಲ.”